ಕೆಟ್ಟ ಸೈನ್ಸ್ ಫಿಕ್ಷನ್ ಸಿನಿಮಾ ಹುಚ್ಚು, ಕೈಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ: ಮುಂದೇನು ಮಾಡಲಿ?

ಕೌಲ್‌ಬಜಾರ್ ಕ್ಯಾಪ್ಟನ್ · ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಸಿನಿಮಾ ಹುಚ್ಚಿನವರೂ ಇದ್ದೀರಿ, ಫ್ಯಾಕ್ಟರಿ, ಗಣಿ, ಕಾಲೇಜು ಅಂತ ಕೆಲಸದಲ್ಲಿ ಪಳಗಿದವರೂ ಇದ್ದೀರಿ. ಅದಕ್ಕೇ ಎರಡು ಪ್ರಶ್ನೆ ಒಟ್ಟಿಗೇ ಹಾಕುತ್ತಿದ್ದೇನೆ.

ಮೊದಲು ಹುಚ್ಚಿನ ವಿಷಯ. ನನಗೂ ನನ್ನ ಗೆಳೆಯರಿಗೂ ಕೆಟ್ಟ ಸೈನ್ಸ್ ಫಿಕ್ಷನ್ ಸಿನಿಮಾ ಅಂದರೆ ಪ್ರಾಣ. ಒಳ್ಳೆಯವು ಬೇಡ. ಹಾರುವ ತಟ್ಟೆಗೆ ಕಟ್ಟಿದ ದಾರ ಕಾಣಬೇಕು. ಬೇರೆ ಗ್ರಹದಿಂದ ಬಂದವನ ಬೆನ್ನ ಮೇಲೆ ಜಿಪ್ ಇರಬೇಕು. ವಿಜ್ಞಾನಿ ಎರಡು ಸಲ ಕೀಬೋರ್ಡ್ ಕುಟ್ಟಿ ಇಡೀ ಉಪಗ್ರಹವನ್ನೇ ಹ್ಯಾಕ್ ಮಾಡಬೇಕು. ಶನಿವಾರ ರಾತ್ರಿ ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇವೆ, ಒಗ್ಗರಣಿ-ಮಿರ್ಚಿ ಜೊತೆ. ತೆಲುಗು ಡಬ್ಬಿಂಗ್ ಸಿಕ್ಕಿದರಂತೂ ಹಬ್ಬ. ನಾಸಾ ಮುಖ್ಯಸ್ಥ ರಾಯಲಸೀಮೆಯ ಫ್ಯಾಕ್ಷನ್ ಲೀಡರ್ ತರ ಗುಡುಗುತ್ತಾನೆ.

ಈಗ ಹೊಟ್ಟೆಪಾಡಿನ ವಿಷಯ. ಮೆಕ್ಯಾನಿಕಲ್ ಡಿಪ್ಲೊಮಾ ಕೊನೆ ಸೆಮ್‌ನಲ್ಲಿದ್ದೇನೆ. ತೋರಣಗಲ್ಲು ಕಡೆ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಬಹುದು. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಇಲ್ಲವೇ ಬೆಂಗಳೂರಿಗೆ ಹೋಗಿ ವಿಎಫ್‌ಎಕ್ಸ್ (ಸಿನಿಮಾಕ್ಕೆ ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ) ಕೋರ್ಸ್ ಮಾಡಬಹುದು. ಮನಸ್ಸು ಕೊನೆಯದಕ್ಕೇ ಎಳೆಯುತ್ತಿದೆ. ಅಪ್ಪ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. "ಸಿನಿಮಾ ನೋಡಿ ನಗೋದಕ್ಕೆ ಯಾರು ಸಂಬಳ ಕೊಡ್ತಾರೆ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಕೊಡಿ. ಹಾಗೇ ಒಂದೆರಡು ಕೆಟ್ಟ ಸಿನಿಮಾ ಹೆಸರೂ ಕೊಡಿ.

ಬಿಸಿಲು ಸಾಕಪ್ಪ · ರಾಯಚೂರು

ಕೆರಿಯರ್ ಬಗ್ಗೆ ದೊಡ್ಡವರು ಹೇಳುತ್ತಾರೆ. ಸಿನಿಮಾ ಇಲಾಖೆ ನನ್ನದು.

"ರೋಬೋಟ್ ಮಾನ್‌ಸ್ಟರ್" ನೋಡಿದ್ದೀಯಾ? 1953ರದ್ದು. ಹೆಸರಲ್ಲೇ ರೋಬೋಟ್ ಇದೆ, ಆದರೆ ರೋಬೋಟ್ ವೇಷಕ್ಕೆ ದುಡ್ಡು ಇರಲಿಲ್ಲ. ಹಾಗಾಗಿ ಗೊರಿಲ್ಲಾ ವೇಷ ಇದ್ದವನನ್ನು ಕರೆತಂದು ತಲೆಗೆ ಮುಳುಗುಗಾರರ ಹೆಲ್ಮೆಟ್ ತರದ್ದು ಹಾಕಿಸಿದರು. ಮುಗೀತು, ಭೂಮಿ ನಾಶ ಮಾಡುವ ರೋಬೋಟ್ ರೆಡಿ. ಅವನ ಗುಹೆಯಲ್ಲಿ ಸೋಪಿನ ಗುಳ್ಳೆ ಬಿಡುವ ಮೆಷಿನ್ ಒಂದು ಸುಮ್ನೆ ಓಡುತ್ತಿರುತ್ತದೆ. ಟೈಟಲ್ ಕಾರ್ಡಿನಲ್ಲಿ ಆ ಗುಳ್ಳೆ ಮೆಷಿನ್‌ಗೂ ಹೆಸರು ಕೊಟ್ಟಿದ್ದಾರೆ!

ಆಮೇಲೆ "ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್". ಡ್ರಾಕುಲಾ ಪಾತ್ರದಿಂದ ಹೆಸರಾದ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ನಿರ್ದೇಶಕ ಎಡ್ ವುಡ್ ಹತ್ತಿರ ಅವರ ಕೆಲವು ತುಣುಕು ಮಾತ್ರ ಇದ್ದವು. ಬಿಡಲಿಲ್ಲ ಪುಣ್ಯಾತ್ಮ. ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಮಾಡುತ್ತಿದ್ದ ಕೈರೋಪ್ರಾಕ್ಟರ್‌ಗೆ ಕರಿ ಕೇಪು ತೊಡಿಸಿ, ಮುಖಕ್ಕೆ ಅಡ್ಡ ಹಿಡಿಸಿ, ಉಳಿದ ಸೀನ್ ಮುಗಿಸಿದ. ಆ ಮನುಷ್ಯ ಲುಗೋಸಿಗಿಂತ ಎತ್ತರ ಬೇರೆ.

ಯಾರಾದರೂ "ಆದಿತ್ಯ 369" ಈ ಪಟ್ಟಿಗೆ ಸೇರಿಸಿದರೆ ಜಗಳವೇ ಆಗುತ್ತೆ, ಈಗಲೇ ಹೇಳಿದ್ದೇನೆ. ಟೈಮ್ ಮೆಷಿನ್ ಹತ್ತಿ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುವ ಸಿನಿಮಾ. 1991ರಲ್ಲಿ ತೆಲುಗಿನಲ್ಲಿ ಬಂತು. ಹಂಪಿ ಪಕ್ಕದವರು ನಾವು, ಅದಕ್ಕೆ ನಗಲ್ಲ.

ಗಂಗಾವತಿ ಭತ್ತ · ಕೊಪ್ಪಳ ಜಿಲ್ಲೆ

ತಮ್ಮಾ, ಬೇಜಾರು ಮಾಡ್ಕೋಬೇಡ. ನಾನು ರೈಸ್‌ಮಿಲ್ ಲೆಕ್ಕ ಬರೆಯುವವನು, ಲೆಕ್ಕದ ಮಾತೇ ಆಡುತ್ತೇನೆ. ಕೋರ್ಸಿನ ಫೀಸು ಎಷ್ಟು? ಸಾಲ ಮಾಡಬೇಕಾ? ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಯಾರು ಕೊಡುತ್ತಾರೆ? ಕೆಲಸ ಸಿಗುವವರೆಗೂ ಎಷ್ಟು ತಿಂಗಳು ಕೂರಬಹುದು? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಡು. ಆಮೇಲೆ ಗೊರಿಲ್ಲಾ ವಿಷಯ ಮಾತಾಡೋಣ.

ಇನ್ನೊಂದು. ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಉಪವಿಭಾಗಾಧಿಕಾರಿ ಕಚೇರಿಯಿಂದ ಪ್ರಮಾಣಪತ್ರ ಮಾಡಿಸಿದ್ದೀಯಾ? ನಮ್ಮ ಹುಡುಗರು ಕೌನ್ಸೆಲಿಂಗ್ ಹೊತ್ತಿಗೆ ಅದಕ್ಕೆ ಓಡಾಡುತ್ತಾರೆ. ಬಿಇ ಕಡೆ ಹೋಗುವುದಾದರೆ ಆ ಕಾಗದ ಈಗಲೇ ಕೈಯಲ್ಲಿರಲಿ.

ರೆಂಡರ್ ರಾತ್ರಿ · ಊರು ಸಿಂಧನೂರು, ಇರುವುದು ಬೆಂಗಳೂರು

ನಾನು ವಿಎಫ್‌ಎಕ್ಸ್ ಕೆಲಸದಲ್ಲೇ ಇದ್ದೇನೆ, ಕಾಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರ ಸೇರಿಸಿ ಒಂದೇ ಶಾಟ್ ಮಾಡುವುದು. ಹಾಗಾಗಿ ಒಳಗಿನ ಮಾತು.

ಕೋರ್ಸ್ ಮುಗಿಸಿ ಬಂದವನ ಕೈಗೆ ಮೊದಲ ದಿನವೇ ಅಂತರಿಕ್ಷ ನೌಕೆ ಕೊಡುವುದಿಲ್ಲ. ರೋಟೊ ಕೊಡುತ್ತಾರೆ. ನಟನ ಅಂಚಿನ ಸುತ್ತ ಒಂದೊಂದು ಫ್ರೇಮಿನಲ್ಲೂ ಗೆರೆ ಸರಿಪಡಿಸುತ್ತಾ ಹೋಗುವುದು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಹೀರೋಯಿನ್ ಕೂದಲು ಗಾಳಿಗೆ ಹಾರುತ್ತಿದ್ದರೆ ನಿನ್ನ ಕಥೆ ಮುಗೀತು. ಇಲ್ಲವೇ ಪೇಂಟ್ ಕೆಲಸ. ಫೈಟಿನಲ್ಲಿ ಕಟ್ಟಿದ ವೈರ್ ಅಳಿಸುವುದು. ನೀನು ದಾರ ಕಾಣಬೇಕು ಅಂತ ಸಿನಿಮಾ ಹುಡುಕುತ್ತೀಯಲ್ಲ, ನಮಗೆ ಅನ್ನ ಹಾಕುವುದು ಆ ದಾರ ಅಳಿಸುವ ಕೆಲಸ.

ಈ ಕೆಲಸ ಕೀಳು ಅಂತ ಹೇಳುತ್ತಿಲ್ಲ. ಕಣ್ಣು ಪಳಗುವುದು ಅಲ್ಲೇ. ಆದರೆ ಇಷ್ಟು ವರ್ಷ ಹೊಸಬರಿಗೆ ಒಳಗೆ ಬರುವ ಬಾಗಿಲು ಅದೇ ಆಗಿತ್ತು, ಈಗ ಎಐ ಟೂಲ್‌ಗಳು ಮೊದಲು ಕೈ ಹಾಕಿರುವುದೂ ಅಲ್ಲಿಗೇ. ಇನ್ನೊಂದು, ಇಲ್ಲಿನ ಸ್ಟುಡಿಯೋಗಳಲ್ಲಿ ಬಹಳಷ್ಟು ಕೆಲಸ ಹೊರದೇಶದ ಸಿನಿಮಾಗಳದ್ದು. 2023ರಲ್ಲಿ ಹಾಲಿವುಡ್ ಲೇಖಕರು ಮೇ ತಿಂಗಳಿಂದ, ನಟರು ಜುಲೈಯಿಂದ ಮುಷ್ಕರ ಹೂಡಿದರು. ಅಲ್ಲಿ ಶೂಟಿಂಗ್ ನಿಂತರೆ ಕೆಲವು ತಿಂಗಳ ಮೇಲೆ ಇಲ್ಲಿ ನಮ್ಮ ಟೇಬಲ್ ಖಾಲಿ. 2025ರ ಫೆಬ್ರವರಿಯಲ್ಲಿ ಒಂದು ದೊಡ್ಡ ವಿದೇಶಿ ಕಂಪನಿ ಬೆಂಗಳೂರಿನ ಕಚೇರಿ ಸಮೇತ ಮುಚ್ಚಿತು. ದಿನ ಬೆಳಗಾಗುವುದರಲ್ಲಿ ಸಾವಿರಾರು ಜನ ರೆಸ್ಯೂಮೆ ಹಿಡಿದು ನಿಂತರು. ಹತ್ತು ವರ್ಷದ ಅನುಭವದವರೂ ಅದರಲ್ಲಿದ್ದರು.

ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಹಾಕಿಕೋ. ಪೂರ್ತಿ ಉಚಿತ. ಹೂಡಿನಿ, ನ್ಯೂಕ್ ಅಂತ ವಿಎಫ್‌ಎಕ್ಸ್ ಸಾಫ್ಟ್‌ವೇರ್ ಇವೆ, ಎರಡಕ್ಕೂ ಕಲಿಯುವವರಿಗೆ ಉಚಿತ ಆವೃತ್ತಿ ಇದೆ. ಆರು ತಿಂಗಳು ದಿನಾ ರಾತ್ರಿ ಕೂತು ನೋಡು. ಬೇಸರ ಬರದಿದ್ದರೆ ಆಮೇಲೆ ಯೋಚಿಸು. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಬೋರ್ಡು ಹಾಕಿದ ಕಡೆಗೆ ಹೋದರೆ, ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಅಂತ ಕೇಳು. ಅವರ ಜೊತೆ ನೇರವಾಗಿ ಮಾತಾಡು.

ಬಿಸಿಲು ಸಾಕಪ್ಪ · ರಾಯಚೂರು

ಸಿನಿಮಾನೇ ಬೇಕು, ಫೀಸು ಕಡಿಮೆ ಇರಬೇಕು ಅಂದರೆ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಕ್ಯಾಮೆರಾ ಮತ್ತು ಸೌಂಡ್‌ನಲ್ಲಿ ಡಿಪ್ಲೊಮಾ. ವಿಎಫ್‌ಎಕ್ಸ್ ಅಲ್ಲ, ಆದರೂ ಗೊತ್ತಿರಲಿ ಅಂತ ಹೇಳಿದೆ.

ಹಟ್ಟಿ ಪಾಳಿ · ಲಿಂಗಸುಗೂರು ತಾಲ್ಲೂಕು

ನಾನು ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತೇನೆ. ಸಿನಿಮಾ ಜಾಸ್ತಿ ನೋಡುವವನಲ್ಲ. ಆದರೆ ಮಗಳು ಹಿಡಿದು ಕೂರಿಸಿ "ಆರ್ಮಗೆಡ್ಡನ್" ತೋರಿಸಿದಳು. ಎಣ್ಣೆಬಾವಿ ತೋಡುವವರನ್ನು ಕ್ಷುದ್ರಗ್ರಹಕ್ಕೆ ಕಳಿಸುತ್ತಾರಲ್ಲ, ಅದು. ಅಲ್ಲಿ 800 ಅಡಿ ತೂತು ಕೊರೆದು ಅಣುಬಾಂಬ್ ಇಡಬೇಕಂತೆ.

800 ಅಡಿ! ನಮ್ಮಲ್ಲಿ ಅದರ ಎರಡರಷ್ಟು ಆಳಕ್ಕೂ ಕೇಜ್ ಅನ್ನುವ ಲಿಫ್ಟಿನಲ್ಲಿ ಜನ ದಿನಾ ಇಳಿಯುತ್ತಾರೆ, ಪಾಳಿ ಮುಗಿಸಿ ಮೇಲೆ ಬಂದು ಚಹಾ ಕುಡಿಯುತ್ತಾರೆ. ಇನ್ನು ಅವರು ಡ್ರಿಲ್ ಹಿಡಿಯುವ ರೀತಿ ನೋಡಬೇಕು. ತಲೆ ಮೇಲೆ ಗಾಳಿ ಪೈಪ್ ಇಲ್ಲ, ನೀರಿನ ಲೈನ್ ಇಲ್ಲ. ಬಿಟ್ ಸಿಕ್ಕಿಹಾಕಿಕೊಂಡರೆ ಕೂಗಾಡಿ ಇನ್ನೂ ಜೋರಾಗಿ ಒತ್ತುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಫೋರ್‌ಮನ್ ಮನೆಗೆ ಕಳಿಸುತ್ತಾನೆ. ಬ್ಲಾಸ್ಟಿಂಗ್ ಆದ ಮೇಲೆ ಹೊಗೆ ಹೊರಗೆ ಹೋಗುವವರೆಗೂ ಯಾರೂ ಫೇಸ್ (ಕೊರೆಯುತ್ತಿರುವ ಬಂಡೆ) ಹತ್ತಿರ ಹೋಗುವುದಿಲ್ಲ. ಗಣಿ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದು, ತಟ್ಟಿ ನೋಡುವುದು, ಮೇಲಿನ ಸಡಿಲ ಕಲ್ಲು ಕೆಡವುವುದು. ಅದನ್ನು ತೋರಿಸಿದರೆ ಯಾರು ಟಿಕೆಟ್ ತಗೋತಾರೆ?

ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಚಿನ್ನ ತೆಗೆದ ಗುರುತುಗಳಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು, ಆಮೇಲೆ ನೀರು ಸುರಿದು ಸೀಳುವುದು. ಹಳೇ ಕಾಲದ ಗಣಿಗಾರಿಕೆ ಹೀಗಿತ್ತು. ನನ್ನ ಪ್ರಕಾರ ಅದರ ಮುಂದೆ ಆ ಸಿನಿಮಾ ಡ್ರಿಲ್ ಏನೂ ಇಲ್ಲ.

ಮಗಳು ಇನ್ನೊಂದು ಸಿನಿಮಾ ಕಥೆ ಹೇಳಿದಳು, ಭೂಮಿಯ ನಡುವಿಗೇ ಕೊರೆದುಕೊಂಡು ಹೋಗುವುದು. ರಷ್ಯಾದವರು ತಮ್ಮ ಕೋಲಾ ಪರ್ಯಾಯದ್ವೀಪದಲ್ಲಿ ವರ್ಷಗಟ್ಟಲೆ ಕೊರೆದು 12,262 ಮೀಟರ್ ಮುಟ್ಟಿದರು. ಕೆಳಗೆ 180 ಡಿಗ್ರಿ. ಬಂಡೆ ಮೆತ್ತಗಾಗಿ ತೂತು ನಿಲ್ಲದೆ ಹೋಯಿತು. ಭೂಮಿಯ ನಡುವಿಗೆ 6,371 ಕಿಲೋಮೀಟರ್. ನೀವೇ ಲೆಕ್ಕ ಹಾಕಿ.

ಫಿಸಿಕ್ಸ್ ಅಕ್ಕ · ಕೊಪ್ಪಳ

ಹಟ್ಟಿ ಅಣ್ಣಾವ್ರ ಪೋಸ್ಟ್ ನಾಳೆ ನನ್ನ ಪಿಯು ಕ್ಲಾಸಿನಲ್ಲಿ ಓದುತ್ತೇನೆ, ಅನುಮತಿ ಕೊಡಿ.

ಅದೇ ಸಿನಿಮಾದಲ್ಲಿ ಇನ್ನೊಂದು ಮಜಾ ಇದೆ. ಆ ಕಲ್ಲು ಟೆಕ್ಸಾಸ್ ರಾಜ್ಯದಷ್ಟು ದೊಡ್ಡದಂತೆ. ಟೆಕ್ಸಾಸ್ ಈ ತುದಿಯಿಂದ ಆ ತುದಿಗೆ ಸುಮಾರು 1,200 ಕಿಲೋಮೀಟರ್. ನಮಗೆ ಗೊತ್ತಿರುವ ಕ್ಷುದ್ರಗ್ರಹಗಳಲ್ಲೇ ದೊಡ್ಡದಾದ ಸೀರಿಸ್‌ನ ಅಡ್ಡಳತೆ 940 ಕಿಲೋಮೀಟರ್ ಆಸುಪಾಸು. ಅದನ್ನು 1801ರಲ್ಲೇ ಕಂಡುಹಿಡಿದಿದ್ದರು. ಅದಕ್ಕಿಂತ ದೊಡ್ಡ ಕಲ್ಲು ಬರುತ್ತಿರುವುದು ಸಿನಿಮಾದಲ್ಲಿ 18 ದಿನ ಮೊದಲು ಗೊತ್ತಾಗುತ್ತದೆ!

ನಿಜವಾಗಿ ನಡೆದದ್ದು ಏನು? 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಸಣ್ಣ ಕಲ್ಲಿಗೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಹೋಗಿ ಗುದ್ದಿತು. ಬಾಂಬ್ ಇಲ್ಲ, ಹೀರೋ ಇಲ್ಲ. ಆ ಕಲ್ಲು ತನ್ನ ಜೋಡಿಯನ್ನು ಸುತ್ತಲು 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. ಗುದ್ದಿದ ಮೇಲೆ ಸುಮಾರು 32 ನಿಮಿಷ ಕಡಿಮೆ ಆಯಿತು. ಅಷ್ಟೇ. ಆ 32 ನಿಮಿಷಕ್ಕೆ ವಿಜ್ಞಾನಿಗಳು ಕುಣಿದರು. ನನಗೂ ಕುಣಿಯುವಂತಾಯಿತು.

ಕ್ಯಾಪ್ಟನ್, ನಿನಗೊಂದು ಪ್ರಶ್ನೆ. ಶನಿವಾರ ಸಿನಿಮಾ ನೋಡುವಾಗ ನೀನು ಪಾಜ್ ಒತ್ತಿ "ಲೇ ನಿಲ್ರೋ" ಅನ್ನುವುದು ಯಾವ ಸೀನಿಗೆ? ನಗುವುದು ಎಲ್ಲರೂ ನಗುತ್ತಾರೆ. ನಿಲ್ಲಿಸಿ ವಾದ ಮಾಡುವುದು ಎಲ್ಲಿ? ಕೆಲವರು ಡೈಲಾಗ್‌ಗೆ ನಿಲ್ಲಿಸುತ್ತಾರೆ, ಕೆಲವರು ವೇಷಕ್ಕೆ, ಕೆಲವರು ಲೆಕ್ಕಕ್ಕೆ. ಅದು ಗೊತ್ತಾದರೆ ನಿನಗೆ ಸಿನಿಮಾ ಇಷ್ಟವೋ, ಸಿನಿಮಾದೊಳಗಿನ ಬೇರೆ ಏನೋ ಇಷ್ಟವೋ ಗೊತ್ತಾಗುತ್ತೆ.

ಕೌಲ್‌ಬಜಾರ್ ಕ್ಯಾಪ್ಟನ್ · ಬಳ್ಳಾರಿ

ಅಕ್ಕಾ, ಇದನ್ನು ಗೆಳೆಯರಿಗೇ ಕೇಳಿದೆ. ಮೂವರೂ ಒಂದೇ ಉತ್ತರ ಕೊಟ್ಟರು. "ನೀನು ಮೆಷಿನ್ ಬಂದಾಗ ನಿಲ್ಲಿಸ್ತೀ."

ನಿಜ. ರೋಬೋಟ್ ಮೊಣಕಾಲು ಹಿಂದಕ್ಕೆ ಮಡಚಿದರೆ ಅದರ ಭಾರ ಎಲ್ಲಿ ಕೂರುತ್ತೆ ಅಂತ ಶುರು ಮಾಡುತ್ತೇನೆ. ನೌಕೆಯ ಬಾಗಿಲಿಗೆ ಹಿಂಜ್ ಕಾಣದಿದ್ದರೆ ನಿದ್ದೆ ಬರಲ್ಲ. ಒಂದು ಸಿನಿಮಾದಲ್ಲಿ ಎರಡಾಳೆತ್ತರದ ಲೋಹದ ಮನುಷ್ಯ ಓಡುತ್ತಾನೆ, ಅವನ ಕಾಲಿನಲ್ಲಿ ಪಿಸ್ಟನ್ ಇದೆ, ಆ ಪಿಸ್ಟನ್‌ಗೆ ಎಣ್ಣೆ ಹೋಗುವ ಲೈನೇ ಇಲ್ಲ. ಡೈಲಾಗ್ ಏನಿತ್ತು ಅಂತ ಕೇಳಿದರೆ ನೆನಪಿಲ್ಲ.

ಆದರೆ ಇದರಿಂದ ಏನು ತಿಳೀಬೇಕು? ಮೆಕ್ಯಾನಿಕಲ್ ಇಷ್ಟ ಅಂತಾನಾ? ಕ್ಲಾಸಿನಲ್ಲಿ ಅದೇ ಥಿಯರಿ ಆಫ್ ಮೆಷಿನ್ಸ್ ಪಾಠಕ್ಕೆ ತೂಕಡಿಸುತ್ತೇನಲ್ಲ.

ಗಂಗಾವತಿ ಭತ್ತ · ಕೊಪ್ಪಳ ಜಿಲ್ಲೆ

ತೂಕಡಿಸದೆ ಡಿಪ್ಲೊಮಾ ಮುಗಿಸಿದವನನ್ನು ನಾನು ನೋಡಿಲ್ಲ.

ಶಕ್ತಿನಗರ ಸಿ-ಶಿಫ್ಟ್ · ರಾಯಚೂರು ಜಿಲ್ಲೆ

ಉಷ್ಣ ವಿದ್ಯುತ್ ಕೇಂದ್ರದಲ್ಲಿ ಮೇಂಟೆನೆನ್ಸ್ ನೋಡಿಕೊಂಡವನು ನಾನು. ಈಗ ನಿವೃತ್ತ. ಇಲ್ಲಿ 210 ಮೆಗಾವಾಟ್‌ನವು ಏಳು, 250ರದ್ದು ಒಂದು ಘಟಕ. ಟರ್ಬೈನ್ ನಿಮಿಷಕ್ಕೆ 3,000 ಸುತ್ತು. ಬೇರಿಂಗ್ ಕಂಪನ ಸ್ವಲ್ಪ ಏರಿದರೂ ನಮಗೆ ಎದೆ ಹೊಡೆದುಕೊಳ್ಳುತ್ತೆ.

ಸಿನಿಮಾದ ಕಂಟ್ರೋಲ್ ರೂಮ್ ನೋಡಿದರೆ ನನಗೂ ನಗು. ಕೆಂಪು ದೀಪ, ಹತ್ತರಿಂದ ಕೆಳಗೆ ಎಣಿಕೆ, ಯಾರೋ ಬಂದು ನೀಲಿ ವೈರ್ ಕತ್ತರಿಸುವುದು. ನಿಜದಲ್ಲಿ ಯಾರೂ ಎಣಿಸುವುದಿಲ್ಲ. ಮಿತಿ ದಾಟಿದರೆ ಮೆಷಿನ್ ತಾನೇ ಟ್ರಿಪ್ ಆಗಿ ನಿಲ್ಲುತ್ತೆ. ಆಮೇಲೆ ಶುರು ನೋಡಿ ನಿಜವಾದ ಕೆಲಸ. ಯಾಕೆ ಟ್ರಿಪ್ ಆಯ್ತು ಅಂತ ಹುಡುಕುವುದು. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಪೈಪಿನ ಕೆಳಗೆ ಮಲಗಿರುತ್ತೀರಿ. ಪಾಠದಲ್ಲಿ ತೂಕಡಿಸಿದವನು ಅಲ್ಲಿ ತೂಕಡಿಸುವುದಿಲ್ಲ.

ಶಿಫ್ಟ್ ಡ್ಯೂಟಿ ಮೈಗೆ ಒಗ್ಗುವುದು ಸುಲಭ ಅಲ್ಲ, ಅದನ್ನೂ ಹೇಳಬೇಕು. ಸಿ-ಶಿಫ್ಟ್, ಅಂದರೆ ರಾತ್ರಿ ಪಾಳಿ, ಮುಗಿಸಿ ಬಂದು ಮಲಗಿದರೆ ನಮ್ಮ ಮೇ ತಿಂಗಳ ಬಿಸಿಲು ಮಲಗಲು ಬಿಡಲ್ಲ. ಹಬ್ಬ, ಮದುವೆ ಎಲ್ಲ ರೋಸ್ಟರ್ ನೋಡಿ.

ಅಪ್ರೆಂಟಿಸ್ ಬಗ್ಗೆ ಒಂದು ಮಾತು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಡಿಪ್ಲೊಮಾದವರಿಗೆ ಒಂದು ವರ್ಷದ ತರಬೇತಿ. ಕೊಡುವುದು ಸ್ಟೈಪೆಂಡ್, ಸಂಬಳ ಅಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಇಲ್ಲ, ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ. ಸಹಿ ಹಾಕುವ ಮುಂಚೆ ಓದು. ಅಪ್ಪನಿಗೂ ಓದಿ ಹೇಳು.

ಫಿಸಿಕ್ಸ್ ಅಕ್ಕ · ಕೊಪ್ಪಳ

ಇದನ್ನು ಓದಿದಾಗ ನಮ್ಮ ಡ್ಯಾಮ್ ನೆನಪಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒಂದೇ ಕಡೆ ಒತ್ತಡ ಬೀಳಬಾರದು ಅಂತ ಬೇರೆ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಬೆಳೆ ಹೋಯಿತು ಅಂತ ಗಂಗಾವತಿ, ಸಿಂಧನೂರು ಕಡೆ ರೈತರಿಗೆ ನಿದ್ದೆ ಇರಲಿಲ್ಲ. ಮುನಿರಾಬಾದ್‌ನಲ್ಲಿ ನಾನೇ ಹೋಗಿ ನೋಡಿದೆ.

ಆಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು, ನಿವೃತ್ತರಾದ ಹಿರಿಯರು. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸುವುದು ಅಂತ ತೀರ್ಮಾನ ಆಯಿತು. ಅಂದರೆ ಉಕ್ಕಿನ ದೊಡ್ಡ ತುಂಡುಗಳನ್ನು ಕ್ರೇನ್‌ನಲ್ಲಿ ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚುವುದು. ಆ ತುಂಡುಗಳನ್ನು ಹಗಲು ರಾತ್ರಿ ಕೂತು ಇಲ್ಲೇ ಸುತ್ತಮುತ್ತ ತಯಾರು ಮಾಡಿದರು. ಒಂದು ವಾರದಲ್ಲಿ ನೀರು ನಿಂತಿತು. 70 ವರ್ಷ ಹಳೇ ಡ್ಯಾಮ್, ನಿವೃತ್ತ ಇಂಜಿನಿಯರ್, ಕ್ರೇನ್‌ಗೆ ನೇತಾಡುವ ಉಕ್ಕು: ಈ ಸೀನ್ ಸಿನಿಮಾದಲ್ಲಿ ಬಂದಿದ್ದರೆ ನೀನು ಖಂಡಿತ ಪಾಜ್ ಒತ್ತಿ "ಆಗಲ್ಲ ಬಿಡ್ರೋ" ಅಂತಿದ್ದೆ.

ಅಲ್ಲಿ ಬೇಕಾಗಿದ್ದು ನಿನ್ನ ಹಿಂಜ್, ಚೈನ್, ಭಾರದ ಲೆಕ್ಕವೇ.

ರೆಂಡರ್ ರಾತ್ರಿ · ಊರು ಸಿಂಧನೂರು, ಇರುವುದು ಬೆಂಗಳೂರು

ಅಕ್ಕಾ, ಎಲ್ಲರೂ ಸೇರಿ ಅವನನ್ನು ಫ್ಯಾಕ್ಟರಿಗೆ ತಳ್ಳುತ್ತಿದ್ದೀರಿ. ಸ್ವಲ್ಪ ತಡೀರಿ.

ನಮ್ಮಲ್ಲಿ ರಿಗ್ಗಿಂಗ್ ಅಂತ ಒಂದು ವಿಭಾಗ ಇದೆ. ಮಾಡೆಲ್‌ಗೆ ಮೂಳೆ, ಕೀಲು ಕೂರಿಸಿ ಹೇಗೆ ಅಲುಗಾಡಬೇಕು ಅಂತ ಕಟ್ಟಿಕೊಡುವುದು. ಪಿಸ್ಟನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತೆ ಎಲ್ಲ ಅವರೇ ಮಾಡುವುದು. ಚೆನ್ನಾಗಿ ಬರೆಯುವ ಕಲಾವಿದರು ಸಾಕಷ್ಟು ಸಿಗುತ್ತಾರೆ. ಮೆಷಿನ್ ಹೇಗೆ ಓಡುತ್ತೆ ಅಂತ ಗೊತ್ತಿರುವವರು ಕಡಿಮೆ. ಪೈಥಾನ್ ಸ್ವಲ್ಪ ಬಂದರೆ ಇನ್ನೂ ಒಳ್ಳೆಯದು. ರೋಟೊ ಬಾಗಿಲು ಚಿಕ್ಕದಾಗುತ್ತಿದೆ ಅಂದೆನಲ್ಲ, ಇದು ಅಷ್ಟು ಬೇಗ ಆಗಲಿಕ್ಕಿಲ್ಲ ಅಂತ ನನ್ನ ಅಂದಾಜು. ಅಂದಾಜು ಅಷ್ಟೇ, ನಾಳೆ ಬಂದು ಕೇಳಬೇಡ.

ಇನ್ನೊಂದು ಕಥೆ. ಮೇಲೆ ಗೊರಿಲ್ಲಾ ಸಿನಿಮಾ ಬಂತಲ್ಲ, ಅದಕ್ಕೆ ಸಂಗೀತ ಮಾಡಿದ್ದು ಎಲ್ಮರ್ ಬರ್ನ್‌ಸ್ಟೀನ್. ಆಗ ಅಮೆರಿಕದಲ್ಲಿ ಎಡಪಂಥೀಯರ ಮೇಲೆ ಅನುಮಾನದ ಕಾಲ. ಅವರಿಗೆ ದೊಡ್ಡ ಸ್ಟುಡಿಯೋಗಳ ಕೆಲಸ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಗುಳ್ಳೆ ಮೆಷಿನ್ ಸಿನಿಮಾ. ಅದಕ್ಕೂ ಮನಸ್ಸಿಟ್ಟು ಸಂಗೀತ ಮಾಡಿದರು. ಮೂರು ವರ್ಷಕ್ಕೆ "ದಿ ಟೆನ್ ಕಮಾಂಡ್‌ಮೆಂಟ್ಸ್" ಬಂತು, ಮುಂದೆ ಆಸ್ಕರ್ ಕೂಡ ಬಂತು. ಮೊದಲ ಕೆಲಸ ಯಾವ ಸಿನಿಮಾದಲ್ಲಿ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ.

ಗಂಗಾವತಿ ಭತ್ತ · ಕೊಪ್ಪಳ ಜಿಲ್ಲೆ

ಆಸ್ಕರ್ ತಗೊಂಡವನ ಕಥೆ ಒಬ್ಬನದು. ಅದೇ ತರ ಸಿನಿಮಾ ಮಾಡಿ ಮನೆ ಮಾರಿಕೊಂಡವರ ಕಥೆ ಯಾರು ಬರೆಯುತ್ತಾರೆ?

ರೆಂಡರ್ ರಾತ್ರಿ · ಊರು ಸಿಂಧನೂರು, ಇರುವುದು ಬೆಂಗಳೂರು

ಒಪ್ಪಿದೆ ಅಣ್ಣ. ಅದಕ್ಕೇ ಫೀಸು ಕಟ್ಟಬೇಡ ಅಂದೆ, ಕಲೀಬೇಡ ಅನ್ನಲಿಲ್ಲ.

ಹಟ್ಟಿ ಪಾಳಿ · ಲಿಂಗಸುಗೂರು ತಾಲ್ಲೂಕು

ನನ್ನ ಮಗಳು ಇದನ್ನೆಲ್ಲ ಓದಿ "ಅಪ್ಪಾ, ಸುರತ್ಕಲ್ ಎನ್‌ಐಟಿಯಲ್ಲಿ ಮೈನಿಂಗ್ ಇಂಜಿನಿಯರಿಂಗ್ ಇದೆ, ನಾನು ಅದಕ್ಕೇ ಹೋಗ್ತೀನಿ" ಅಂತ ಕೂತಿದ್ದಾಳೆ. ಸಿನಿಮಾ ತೋರಿಸಿದವಳು ಅವಳು, ಬಲೆಗೆ ಬಿದ್ದವಳೂ ಅವಳೇ. ಗಣಿಯಲ್ಲಿ ಹೆಣ್ಣುಮಕ್ಕಳು ಒಳಗೆ ಇಳಿಯಬಾರದು ಅಂತ ಮೊದಲು ನಿಯಮ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಸಡಿಲಿಸಿದೆ. ಅವಳಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಕೌಲ್‌ಬಜಾರ್ ಕ್ಯಾಪ್ಟನ್ · ಬಳ್ಳಾರಿ

ಎಲ್ಲರಿಗೂ ಥ್ಯಾಂಕ್ಸ್. ಗಂಗಾವತಿ ಅಣ್ಣ ಹೇಳಿದ ಹಾಗೆ ಹಾಳೆ ಬರೆದು ಅಪ್ಪನ ಮುಂದಿಟ್ಟೆ. ಅವರು ಕತ್ತರಿಸಲು ಬಟ್ಟೆ ಪದರ ಪದರವಾಗಿ ಹಾಸುವಾಗ ನೋಡುವಂತೆ ಸಾಲು ಸಾಲಾಗಿ ನೋಡಿದರು. ಕೋರ್ಸಿನ ಸಾಲಿನ ಮೇಲೆ ಬೆರಳಿಟ್ಟು "ಇದು ಬೇಡ, ಉಳಿದದ್ದು ನಿನ್ನಿಷ್ಟ" ಅಂದರು. ನನಗೂ ಅದು ಸರಿ ಅನಿಸಿತು.

ಹಾಗಾಗಿ ಡಿಸಿಇಟಿ ಬರೆಯುತ್ತೇನೆ. 371ಜೆ ಕಾಗದಕ್ಕೆ ಅರ್ಜಿ ಹಾಕಿದ್ದೇನೆ. ಒಳ್ಳೆ ಸೀಟು ಸಿಕ್ಕರೆ ಬಿಇ, ಸಿಗದಿದ್ದರೆ ತೋರಣಗಲ್ಲು. ಎರಡರಲ್ಲಿ ಯಾವುದಾದರೂ ರಾತ್ರಿ ಬ್ಲೆಂಡರ್ ಇದ್ದೇ ಇರುತ್ತೆ. ಶುರುವೂ ಮಾಡಿದೆ. ಒಂದು ರೋಬೋಟ್ ಕಾಲು ಕಟ್ಟಿದೆ. ಪಾದ ಎಳೆದರೆ ಮೊಣಕಾಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಚುತ್ತಿದೆ. ಯಾಕೆ?

ರೆಂಡರ್ ರಾತ್ರಿ · ಊರು ಸಿಂಧನೂರು, ಇರುವುದು ಬೆಂಗಳೂರು

ತೊಡೆ, ಮೀನಖಂಡ ಎರಡೂ ಮೂಳೆಯನ್ನು ಒಂದೇ ನೇರ ಗೆರೆಯಲ್ಲಿ ಇಟ್ಟಿದ್ದೀಯ. ಐಕೆಗೆ (ಪಾದ ಎಳೆದರೆ ಮೇಲಿನ ಕೀಲು ತಾನೇ ಮಡಚುವ ವ್ಯವಸ್ಥೆ) ಯಾವ ಕಡೆ ಮಡಚಬೇಕು ಅಂತ ಗೊತ್ತಾಗುತ್ತಿಲ್ಲ. ಎಡಿಟ್ ಮೋಡ್‌ಗೆ ಹೋಗಿ ಮೊಣಕಾಲನ್ನು ಸ್ವಲ್ಪವೇ ಮುಂದಕ್ಕೆ ತಳ್ಳು. ಮುಂದೆ ಒಂದು ಪೋಲ್ ಟಾರ್ಗೆಟ್ ಇಡು. ಆಮೇಲೂ ತಿರುಚಿಕೊಂಡರೆ ಪೋಲ್ ಆ್ಯಂಗಲ್ 90 ಅಥವಾ ಮೈನಸ್ 90 ಹಾಕಿ ನೋಡು. ಆಗದಿದ್ದರೆ ಫೈಲ್ ಕಳಿಸು, ಭಾನುವಾರ ಬಿಡುವಿದ್ದೇನೆ.